ಹೈ ಡೆಫಿನಿಷನ್ ಡಿಸ್ಕ್‌ಗೆ ಬದಲಾಗುವುದು ಲಾಭವೇ? ಸಂಘಗಳು ಯೋಚಿಸಬೇಕಾದ ವಿಷಯ

ಬೆಳ್ಳಿಹಬ್ಬ, ಸುವರ್ಣ ಮಹೋತ್ಸವಗಳು ಹತ್ತಿರ ಬಂದಂತೆ ಹೊರನಾಡ ಕನ್ನಡ ಸಂಘಗಳ ಕಾರ್ಯಕಾರಿ ಸಮಿತಿ ಸಭೆಗಳಲ್ಲಿ ಒಂದು ವಿಷಯ ಚರ್ಚೆಗೆ ಬರುವುದುಂಟು. ಕಚೇರಿಯ ಕಪಾಟಿನಲ್ಲಿ ವರ್ಷಗಟ್ಟಲೆಯಿಂದ ಕೂತಿರುವ ವೀಡಿಯೊ ಕ್ಯಾಸೆಟ್, ವಿಸಿಡಿ, ಡಿವಿಡಿಗಳನ್ನೆಲ್ಲ ಹೈ ಡೆಫಿನಿಷನ್ ಡಿಸ್ಕ್‌ಗೆ, ಅಂದರೆ ಬ್ಲೂ-ರೇಗೆ ಮಾಡಿಸಬೇಕು, ಜತೆಗೆ ಒಂದು ಒಳ್ಳೆಯ ಪ್ಲೇಯರ್ ಕೊಳ್ಳಬೇಕು ಎಂದು ಯುವ ವಿಭಾಗದವರು ಸೂಚಿಸುತ್ತಾರೆ. ಖಜಾಂಚಿಯವರಿಂದ ಬರುವ ಉತ್ತರವೂ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ: "ಮೊದಲು ವಿಸಿಡಿ ಅಂದಿರಿ, ಮಾಡಿಸಿದೆವು. ಆಮೇಲೆ ಡಿವಿಡಿ ಅಂದಿರಿ, ಅದನ್ನೂ ಮಾಡಿಸಿದೆವು. ಇನ್ನು ಎಷ್ಟು ಸಲ ಮಾಡಿಸುವುದು ಮಾರಾಯ್ರೇ?"

ಇದೇ ಪ್ರಶ್ನೆ ಮನೆಗಳಲ್ಲೂ ಇದೆ. ಹೊಸ ದೊಡ್ಡ ಟಿವಿ ಗೋಡೆಗೆ ಏರಿದ ಮೇಲೆ ಡಾ. ರಾಜಕುಮಾರ್ ಅವರ ಹಳೆಯ ಚಿತ್ರದ ಡಿವಿಡಿ ಹಾಕಿದರೆ ಚಿತ್ರ ಮಸುಕಾಗಿ ಕಾಣುತ್ತದೆ. ತಪ್ಪು ಡಿಸ್ಕಿನದೋ, ಟಿವಿಯದೋ ಎಂಬ ಗೊಂದಲ. ಅಂಗಡಿಯವನನ್ನು ಕೇಳಿದರೆ ಹೊಸತನ್ನು ಕೊಳ್ಳಿ ಎನ್ನುತ್ತಾನೆ. ಇಂಥ ಸಂದರ್ಭದಲ್ಲಿ ಹಣ ಖರ್ಚು ಮಾಡುವ ಮುನ್ನ ಒಂದಿಷ್ಟು ಲೆಕ್ಕ ಹಾಕಿ ನೋಡುವುದು ಒಳಿತು. ಲೆಕ್ಕ ಹಾಕಿದಾಗ ಮನೆಗೆ ಬರುವ ಉತ್ತರ ಒಂದು, ಸಂಘಕ್ಕೆ ಬರುವ ಉತ್ತರ ಇನ್ನೊಂದು.

ನಲವತ್ತು ವರ್ಷಗಳ ಬದಲಾವಣೆ

ವಿಎಚ್ಎಸ್ ಕ್ಯಾಸೆಟ್ ಜಪಾನಿನಲ್ಲಿ ಮಾರುಕಟ್ಟೆಗೆ ಬಂದದ್ದು 1976ರಲ್ಲಿ. ಭಾರತದಲ್ಲಿ 1982ರ ಏಷ್ಯನ್ ಗೇಮ್ಸ್ ಜತೆ ಕಲರ್ ಟಿವಿ ಬಂದ ಮೇಲೆ ವಿಸಿಆರ್ ಸಹ ಜನಪ್ರಿಯವಾಯಿತು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದ ಕರಾವಳಿಯ ಎಷ್ಟೋ ಮಂದಿ ಊರಿಗೆ ಬರುವಾಗ ಹೊತ್ತು ತಂದ ಸಾಮಾನುಗಳಲ್ಲಿ ಅದೂ ಒಂದಾಗಿತ್ತು. ಸಂಘಗಳ ನಾಟಕ, ಯಕ್ಷಗಾನ, ವಾರ್ಷಿಕೋತ್ಸವಗಳು ಕ್ಯಾಸೆಟ್‌ನಲ್ಲಿ ದಾಖಲಾಗತೊಡಗಿದ್ದು ಆ ಕಾಲದಲ್ಲಿ. 1993ರಲ್ಲಿ ವಿಸಿಡಿ ಬಂತು. 1996ರ ಕೊನೆಗೆ ಜಪಾನಿನಲ್ಲಿ ಡಿವಿಡಿ ಬಂತು. 2006ರಲ್ಲಿ ಎರಡು ಹೈ ಡೆಫಿನಿಷನ್ ಡಿಸ್ಕ್‌ಗಳು ಒಟ್ಟೊಟ್ಟಿಗೆ ಮಾರುಕಟ್ಟೆಗಿಳಿದವು. ತೋಷಿಬಾ ಮುಂದಾಳತ್ವದ ಎಚ್‌ಡಿ ಡಿವಿಡಿ ಒಂದು, ಸೋನಿ ಮೊದಲಾದ ಕಂಪೆನಿಗಳ ಬ್ಲೂ-ರೇ ಇನ್ನೊಂದು. ಎರಡು ವರ್ಷದ ಪೈಪೋಟಿಯ ಬಳಿಕ 2008ರ ಫೆಬ್ರವರಿ 19ರಂದು ತೋಷಿಬಾ ಹಿಂದೆ ಸರಿಯಿತು. ಎಚ್‌ಡಿ ಡಿವಿಡಿ ಕೊಂಡವರ ಹಣ ನೀರಿನಲ್ಲಿ ಹೋಮವಾಯಿತು. 2016ರಲ್ಲಿ ಇನ್ನೂ ಹೆಚ್ಚಿನ ಸ್ಪಷ್ಟತೆಯ 4ಕೆ ಬ್ಲೂ-ರೇ ಬಂತು.

ಒಂದೊಂದು ಬದಲಾವಣೆಗೂ ಜನ ಒಮ್ಮೆ ಯಂತ್ರಕ್ಕೆ, ಮತ್ತೊಮ್ಮೆ ಅದೇ ಚಿತ್ರಗಳಿಗೆ ಹಣ ಕೊಟ್ಟಿದ್ದಾರೆ. ಖಜಾಂಚಿಯವರ ಬೇಸರಕ್ಕೆ ಕಾರಣವಿಲ್ಲದಿಲ್ಲ.

ಸ್ಪಷ್ಟತೆಯ ಲೆಕ್ಕ

ಹೊಸ ಡಿಸ್ಕ್‌ನಲ್ಲಿ ನಿಜವಾಗಿ ಏನು ಹೆಚ್ಚಿದೆ? ಟಿವಿಯ ಚಿತ್ರವೆಂದರೆ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳ ರಂಗೋಲಿ. ಚುಕ್ಕೆಗಳು ಹೆಚ್ಚಿದಷ್ಟೂ ರಂಗೋಲಿ ನಯವಾಗುತ್ತದೆ. ಭಾರತದಲ್ಲಿ ರೂಢಿಯಲ್ಲಿದ್ದ ಪಾಲ್ ಪದ್ಧತಿಯ ವಿಸಿಡಿಯಲ್ಲಿ ಒಂದು ಚಿತ್ರಕ್ಕೆ 352 ಅಡ್ಡ, 288 ಉದ್ದ, ಅಂದರೆ ಸುಮಾರು 1 ಲಕ್ಷ ಚುಕ್ಕೆಗಳು. ಅದೇ ಪದ್ಧತಿಯ ಡಿವಿಡಿಯಲ್ಲಿ 720 ಅಡ್ಡ, 576 ಉದ್ದ, ಅಂದರೆ 4 ಲಕ್ಷ 14 ಸಾವಿರ. ಬ್ಲೂ-ರೇಯಲ್ಲಿ 1920 ಅಡ್ಡ, 1080 ಉದ್ದ, ಅಂದರೆ 20 ಲಕ್ಷ 73 ಸಾವಿರ. 4ಕೆಯಲ್ಲಿ ಸುಮಾರು 83 ಲಕ್ಷ. ಡಿವಿಡಿಯಿಂದ ಬ್ಲೂ-ರೇಗೆ ಹೋದರೆ ಐದು ಪಟ್ಟು ಹೆಚ್ಚು ವಿವರ ಸಿಗುತ್ತದೆ ಎಂಬ ಮಾತು ಸುಳ್ಳಲ್ಲ.

ಡಿಸ್ಕಿನ ಗಾತ್ರ ಹಿಂದಿನಷ್ಟೇ ಇದ್ದರೂ ಇಷ್ಟೊಂದು ಹಿಡಿಸಲು ಕಾರಣ ಲೇಸರ್ ಕಿರಣ. ಡಿವಿಡಿಯನ್ನು ಓದುವುದು ಕೆಂಪು ಕಿರಣ, ಬ್ಲೂ-ರೇಯನ್ನು ಓದುವುದು ಅದಕ್ಕಿಂತ ಕಿರಿದಾದ ಅಲೆಯ ನೀಲಿ-ನೇರಳೆ ಕಿರಣ. ಸಪೂರ ತುದಿಯ ಪೆನ್ನಿನಲ್ಲಿ ಅದೇ ಪುಟದಲ್ಲಿ ಹೆಚ್ಚು ಬರೆಯಬಹುದಾದಂತೆ, ಒಂದು ಪದರದ ಡಿವಿಡಿ 4.7 ಗಿಗಾಬೈಟ್ ಹಿಡಿದರೆ ಬ್ಲೂ-ರೇ 25 ಗಿಗಾಬೈಟ್ ಹಿಡಿಯುತ್ತದೆ.

ಆದರೆ ಡಿಸ್ಕಿನಲ್ಲಿ ಇರುವುದೆಲ್ಲ ಕಣ್ಣಿಗೆ ಬೀಳಬೇಕಲ್ಲ. ಸಾಮಾನ್ಯ ದೃಷ್ಟಿಯ ಮನುಷ್ಯನ ಕಣ್ಣಿಗೂ ಒಂದು ಮಿತಿಯಿದೆ. ಆ ಮಿತಿಯ ಪ್ರಕಾರ ಲೆಕ್ಕ ಹಾಕಿದರೆ 32 ಇಂಚಿನ ಟಿವಿಯನ್ನು ಎಂಟು ಅಡಿ ದೂರದಿಂದ ನೋಡುವವರಿಗೆ ಡಿವಿಡಿಗಿಂತ ಹೆಚ್ಚಿನ ವಿವರ ಗೋಚರಿಸುವುದು ಕಷ್ಟ. ಬ್ಲೂ-ರೇಯ ಪೂರ್ತಿ ಲಾಭ ಬೇಕಾದರೆ ನಾಲ್ಕು ಅಡಿ ದೂರಕ್ಕೆ ಬಂದು ಕೂರಬೇಕು. ಮನೆಯಲ್ಲಿ ಯಾರೂ ಹಾಗೆ ಕೂರುವುದಿಲ್ಲ, ಮಕ್ಕಳು ಕೂತರೆ ಹಿರಿಯರು ಗದರುತ್ತಾರೆ. ಅದೇ 55 ಇಂಚಿನ ಟಿವಿಯಾದರೆ ಏಳೆಂಟು ಅಡಿ ದೂರದಿಂದಲೇ ಬ್ಲೂ-ರೇಯ ವಿವರಗಳು ಕಾಣುತ್ತವೆ. ಡಿವಿಡಿಯ ಮಸುಕು ಕೂಡ ಅಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ಹೊಸ ಟಿವಿಯಲ್ಲಿ ಹಳೆಯ ಡಿಸ್ಕ್ ಮಸುಕಾಗಿ ಕಂಡರೆ ಡಿಸ್ಕ್ ಹಾಳಾಗಿದೆ ಎಂದೇ ಅರ್ಥವಲ್ಲ. ಸಣ್ಣ ಟಿವಿ ಮುಚ್ಚಿಟ್ಟಿದ್ದ ಕೊರತೆಯನ್ನು ದೊಡ್ಡ ಟಿವಿ ತೋರಿಸುತ್ತಿದೆ, ಅಷ್ಟೇ.

ಮುಂಬಯಿಯಂಥ ನಗರದಲ್ಲಿ ಹತ್ತು-ಹನ್ನೆರಡು ಅಡಿಯ ಕೋಣೆಯೇ ದಿವಾನಖಾನೆ, ಊಟದ ಮನೆ, ರಾತ್ರಿ ಮಲಗುವ ಮನೆ ಎಲ್ಲವೂ ಆಗಿರುವ ಸಂಸಾರಗಳು ಸಾಕಷ್ಟಿವೆ. ಅಲ್ಲಿ ಟಿವಿಯ ಗಾತ್ರ, ಕೂರುವ ದೂರ ಎರಡನ್ನೂ ಟೇಪ್ ಹಿಡಿದು ಅಳೆದ ಮೇಲೆಯೇ ಪ್ಲೇಯರ್ ಕೊಳ್ಳುವ ಮಾತು ಎತ್ತಬೇಕು.

ಮೂಲದಲ್ಲಿ ಇಲ್ಲದ್ದು ಡಿಸ್ಕಿನಲ್ಲಿ ಬಾರದು

ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಹೈ ಡೆಫಿನಿಷನ್ ಡಿಸ್ಕ್ ಎಂಬುದು ಒಂದು ದೊಡ್ಡ ಪಾತ್ರೆ ಮಾತ್ರ. ಒಂದು ಸೇರು ಹಾಲನ್ನು ಐದು ಸೇರಿನ ಪಾತ್ರೆಗೆ ಸುರಿದರೆ ಹಾಲು ಐದು ಸೇರು ಆಗುವುದಿಲ್ಲ.

ಹಳೆಯ ಸಿನೆಮಾಗಳ ಮಟ್ಟಿಗೆ ಹೇಳುವುದಾದರೆ ಹಾಲು ಸಾಕಷ್ಟಿದೆ. 35 ಎಂ.ಎಂ. ಫಿಲ್ಮ್‌ನ ನೆಗೆಟಿವ್‌ನಲ್ಲಿ ಡಿವಿಡಿ ಹಿಡಿಯಲಾರದಷ್ಟು ವಿವರ ಅಡಗಿರುತ್ತದೆ. ಆ ನೆಗೆಟಿವ್ ಚೆನ್ನಾಗಿ ಉಳಿದಿದ್ದು, ಅದನ್ನು ಶ್ರದ್ಧೆಯಿಂದ ಸ್ಕ್ಯಾನ್ ಮಾಡಿದರೆ ಐವತ್ತು ವರ್ಷ ಹಳೆಯ ಚಿತ್ರವೂ ಬ್ಲೂ-ರೇಯಲ್ಲಿ ಹೊಸತರಂತೆ ಕಾಣುತ್ತದೆ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಚಿತ್ರ 4ಕೆ ಸ್ಪಷ್ಟತೆಯಲ್ಲಿ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡದ್ದು ಕನ್ನಡಿಗರು ಹೆಮ್ಮೆಪಡುವಂಥ ನಿದರ್ಶನ. ಆ ಕೆಲಸದಲ್ಲಿ ಮುಂಬಯಿಯಲ್ಲೇ ಇರುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಪಾಲು ಇತ್ತು ಎಂಬುದು ಗಮನಾರ್ಹ.

ಬಣ್ಣ ಹಾಕುವುದು ಬೇರೆ, ವಿವರ ಹೆಚ್ಚುವುದು ಬೇರೆ ಎಂಬುದನ್ನೂ ತಿಳಿದಿರಬೇಕು. 'ಸತ್ಯ ಹರಿಶ್ಚಂದ್ರ' ಚಿತ್ರ 2008ರಲ್ಲಿ, 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣದಲ್ಲಿ ಮರುಬಿಡುಗಡೆಯಾದಾಗ ಪ್ರೇಕ್ಷಕರು ಸಂತೋಷದಿಂದ ನೋಡಿದರು. ಆದರೆ ಬಣ್ಣ ಬಂದ ಮಾತ್ರಕ್ಕೆ ಮಸುಕಾದ ಪ್ರಿಂಟ್ ಸ್ಪಷ್ಟವಾಗುವುದಿಲ್ಲ.

ಕೆಲವು ಸಲ ಪಾತ್ರೆಗೆ ಹಾಕಲು ಏನೂ ಉಳಿದಿರುವುದಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ಮಹಾರಾಷ್ಟ್ರದ ಕೊಲ್ಲಾಪುರದಲ್ಲಿ. ಇಂದು ಅದರ ಪ್ರಿಂಟ್ ಲಭ್ಯವಿಲ್ಲ. ಎಷ್ಟೇ ದುಬಾರಿ ಡಿಸ್ಕ್ ಬಂದರೂ ಆ ಚಿತ್ರವನ್ನು ಮರಳಿ ತರಲಾರದು. ಸಂಘಗಳು ನೆನಪಿಡಬೇಕಾದ ಪಾಠ ಇದು.

ಮಾರುಕಟ್ಟೆಯಲ್ಲಿ ಕನ್ನಡದ ಪಾಲು

ಬ್ಲೂ-ರೇ ಕೊಂಡರೂ ಅದರಲ್ಲಿ ಹಾಕಿ ನೋಡಲು ಕನ್ನಡ ಚಿತ್ರಗಳೆಷ್ಟಿವೆ? ಇಂಗ್ಲಿಷ್, ಹಿಂದಿಗೆ ಹೋಲಿಸಿದರೆ ತೀರಾ ಕಡಿಮೆ. ಡಿವಿಡಿಗೆ ಭಾರತದಲ್ಲಿ ದೊಡ್ಡ ಮಾರುಕಟ್ಟೆ ಸಿಕ್ಕಿದ್ದಕ್ಕೆ ಅಗ್ಗದ ಬೆಲೆಯೂ ಒಂದು ಕಾರಣ. 2007ರ ಸುಮಾರಿಗೆ ಮೋಸರ್ ಬೇಯರ್ ಕಂಪೆನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಿದಾಗ ನಕಲಿ ಡಿಸ್ಕ್ ಮಾರುವವರಿಗೇ ನಡುಕ ಹುಟ್ಟಿತ್ತು. ಬ್ಲೂ-ರೇ ಆ ಬೆಲೆಗೆ ಎಂದೂ ಇಳಿಯಲಿಲ್ಲ. ಅಷ್ಟರಲ್ಲಿ ಮೊಬೈಲ್ ಇಂಟರ್ನೆಟ್ ಅಗ್ಗವಾಗಿ ಜನ ಡಿಸ್ಕನ್ನೇ ಬಿಟ್ಟರು. ಮೋಸರ್ ಬೇಯರ್ ಕಂಪೆನಿಯೇ ದಿವಾಳಿಯಾಗಿ 2018ರಲ್ಲಿ ಅದನ್ನು ಮುಚ್ಚುವ ಆದೇಶವಾಯಿತು.

ವಿದೇಶದಲ್ಲಿರುವ ಮಕ್ಕಳು, ನೆಂಟರಿಂದ ಪ್ಲೇಯರ್ ತರಿಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಬ್ಲೂ-ರೇಗೆ ವಲಯದ ನಿರ್ಬಂಧವಿದೆ. ಅಮೆರಿಕ 'ಎ' ವಲಯ, ಯುರೋಪ್ ಮತ್ತು ಕೊಲ್ಲಿ ರಾಷ್ಟ್ರಗಳು 'ಬಿ', ಭಾರತ 'ಸಿ'. ದುಬೈಯಿಂದ ತಂದ ಪ್ಲೇಯರ್‌ನಲ್ಲಿ ಭಾರತಕ್ಕೆಂದೇ ಬೀಗ ಹಾಕಿದ ಡಿಸ್ಕ್ ಓಡದು. ಎಲ್ಲ ಡಿಸ್ಕ್‌ಗಳಿಗೂ ಈ ಬೀಗವಿರುವುದಿಲ್ಲ, 4ಕೆ ಬ್ಲೂ-ರೇಗೆ ಅದು ಇಲ್ಲವೇ ಇಲ್ಲ. ಆದರೂ ಕೊಳ್ಳುವ ಮೊದಲು ವಿಚಾರಿಸುವುದು ಕ್ಷೇಮ.

ಯಂತ್ರ ತಯಾರಿಸುವವರೂ ಒಬ್ಬೊಬ್ಬರಾಗಿ ಕೈಬಿಡುತ್ತಿದ್ದಾರೆ. ಒಪ್ಪೊ ಡಿಜಿಟಲ್ 2018ರಲ್ಲಿ, ಅಮೆರಿಕದ ಮಾರುಕಟ್ಟೆಗೆ ಸಂಬಂಧಿಸಿದಂತೆ ಸ್ಯಾಮ್‌ಸಂಗ್ 2019ರಲ್ಲಿ ಹೊಸ ಬ್ಲೂ-ರೇ ಪ್ಲೇಯರ್‌ಗಳಿಗೆ ವಿದಾಯ ಹೇಳಿದವು. ಮನೆಯಲ್ಲಿ ರೆಕಾರ್ಡ್ ಮಾಡಬಹುದಾದ ಖಾಲಿ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ಪ್ಯಾನಾಸೋನಿಕ್ 2023ರಲ್ಲಿ, ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದವು. ಸಿನೆಮಾ ತುಂಬಿದ ಡಿಸ್ಕ್‌ಗಳು ಈಗಲೂ ಬರುತ್ತಿವೆ ನಿಜ. ಆದರೆ ಖಾಲಿ ಡಿಸ್ಕ್‌ನ ಮೇಲೆ ಸಂಘದ ನೆನಪುಗಳನ್ನು ಬರೆದಿಡಲು ಹೊರಡುವವರು, ಆ ಡಿಸ್ಕನ್ನು ಕಂಡುಹಿಡಿದ ಕಂಪೆನಿಗಳೇ ಅದನ್ನು ಮಾಡುವುದು ಬಿಟ್ಟಿವೆ ಎಂಬುದನ್ನು ಮರೆಯಬಾರದು.

ಡಿಸ್ಕ್ ಪರವಾದ ವಾದ

ಹಾಗಾದರೆ ಹೈ ಡೆಫಿನಿಷನ್ ಡಿಸ್ಕ್ ಯಾರಿಗೂ ಬೇಡವೇ? ಹಾಗೆಂದು ಸಾರಾಸಗಟಾಗಿ ಹೇಳುವುದು ನ್ಯಾಯವಲ್ಲ. ಇಂಟರ್ನೆಟ್‌ನಲ್ಲಿ ಎಲ್ಲವೂ ಸಿಗುತ್ತದೆ ಎಂಬ ನಂಬಿಕೆಯೂ ಪೂರ್ತಿ ಸತ್ಯವಲ್ಲ. ಕನ್ನಡ ಕಾರ್ಯಕ್ರಮಗಳಿಗಾಗಿ ಅನೇಕರು ನೋಡುತ್ತಿದ್ದ ವೂಟ್ 2023ರಲ್ಲಿ ಜಿಯೋ ಸಿನೆಮಾದಲ್ಲಿ ಸೇರಿಹೋಯಿತು, ಅದು 2025ರ ಫೆಬ್ರವರಿಯಲ್ಲಿ ಜಿಯೋ ಹಾಟ್‌ಸ್ಟಾರ್ ಆಯಿತು. ಚಂದಾ ಕಟ್ಟಿ ನೋಡುವ ಚಿತ್ರ ಇಂದು ಇದ್ದು, ಒಪ್ಪಂದ ಮುಗಿದರೆ ನಾಳೆ ಇರುವುದಿಲ್ಲ. ಕಪಾಟಿನಲ್ಲಿರುವ ಡಿಸ್ಕನ್ನು ಯಾರೂ ಬಂದು ತೆಗೆದುಕೊಂಡು ಹೋಗುವುದಿಲ್ಲ. ಅಲ್ಲದೆ ಬ್ಲೂ-ರೇಯ ಚಿತ್ರ-ಧ್ವನಿಗಳ ಗುಣಮಟ್ಟ ಇಂಟರ್ನೆಟ್‌ನಲ್ಲಿ ಬರುವುದಕ್ಕಿಂತ ಸಾಮಾನ್ಯವಾಗಿ ಮೇಲು, ಏಕೆಂದರೆ ಅದರಲ್ಲಿ ಮಾಹಿತಿಯನ್ನು ಅಷ್ಟೊಂದು ಹಿಂಡಿರುವುದಿಲ್ಲ.

ಆದ್ದರಿಂದ 50 ಇಂಚಿಗಿಂತ ದೊಡ್ಡ ಟಿವಿ ಇದ್ದು, ಚಿತ್ರಗಳನ್ನು ಮತ್ತೆ ಮತ್ತೆ ನೋಡುವ ಹವ್ಯಾಸವಿದ್ದು, ಇಷ್ಟಪಡುವ ಚಿತ್ರ ಒಳ್ಳೆಯ ಮೂಲದಿಂದ ಬ್ಲೂ-ರೇಯಾಗಿ ಬಂದಿದ್ದರೆ ಅಂಥ ಮನೆಯವರು ಪ್ಲೇಯರ್ ಕೊಳ್ಳಬಹುದು. ಬ್ಲೂ-ರೇ ಪ್ಲೇಯರ್‌ನಲ್ಲಿ ಹಳೆಯ ಡಿವಿಡಿಗಳೂ ಓಡುವುದರಿಂದ ಇರುವ ಸಂಗ್ರಹವನ್ನು ಎಸೆಯಬೇಕಾಗಿಲ್ಲ. ಇರುವ ಡಿವಿಡಿಗಳನ್ನೆಲ್ಲ ಮತ್ತೆ ಬ್ಲೂ-ರೇಯಲ್ಲಿ ಕೊಳ್ಳುವ ಗೋಜಿಗೆ ಮಾತ್ರ ಹೋಗಬಾರದು. ತೀರಾ ಅಚ್ಚುಮೆಚ್ಚಿನ ನಾಲ್ಕೈದು ಸಾಕು. 32 ಇಂಚಿನ ಟಿವಿಯವರಿಗೆ ಡಿವಿಡಿಯೇ ಧಾರಾಳ.

ಸಭಾಗೃಹದಲ್ಲಿ ತೋರಿಸುವ ಮುನ್ನ

ಸಂಘಗಳ ವಿಷಯಕ್ಕೆ ಬಂದರೆ ಲೆಕ್ಕ ಬದಲಾಗುತ್ತದೆ. ಸಭಾಗೃಹದಲ್ಲಿ ಪರದೆ ದೊಡ್ಡದು, ಆದ್ದರಿಂದ ಬ್ಲೂ-ರೇ ಬೇಕೇ ಬೇಕು ಎಂದು ವಾದಿಸುವವರಿದ್ದಾರೆ. ಅವರು ಮೊದಲು ಸಂಘದ ಪ್ರಾಜೆಕ್ಟರ್‌ನ ಪುಸ್ತಕವನ್ನು ತೆರೆದು ನೋಡಬೇಕು. ಭಾಷಣದ ಸ್ಲೈಡ್ ತೋರಿಸಲೆಂದು ಹಿಂದೆ ಕೊಂಡ ಅನೇಕ ಪ್ರಾಜೆಕ್ಟರ್‌ಗಳ ಸಾಮರ್ಥ್ಯ 1024 ಅಡ್ಡ, 768 ಉದ್ದ. ಇಂಥ ಚೌಕದಲ್ಲಿ ಟಿವಿಯ ಅಗಲ ಆಕಾರದ ಚಿತ್ರವನ್ನು ಹಾಕಿದರೆ ಮೇಲೆ-ಕೆಳಗೆ ಕಪ್ಪು ಪಟ್ಟಿ ಬಿಟ್ಟು ಚಿತ್ರಕ್ಕೆ ಉಳಿಯುವುದು ಬರೇ 576 ಗೆರೆ. ಅದು ಪಾಲ್ ಡಿವಿಡಿಯ ಗೆರೆಗಳಷ್ಟೇ. ಅಂಥ ಪ್ರಾಜೆಕ್ಟರ್‌ಗೆ ಬ್ಲೂ-ರೇ ಪ್ಲೇಯರ್ ಜೋಡಿಸುವುದೆಂದರೆ ಸಪೂರ ನಲ್ಲಿಗೆ ದೊಡ್ಡ ಟಾಂಕಿ ಕಟ್ಟಿದಂತೆ.

ಇನ್ನೊಂದು ಸೂಕ್ಷ್ಮವೂ ಇದೆ. ಅಂಗಡಿಯಲ್ಲಿ ಕೊಂಡ ಸಿನೆಮಾ ಡಿಸ್ಕ್ ಮನೆಯಲ್ಲಿ ನೋಡಲು ಮಾತ್ರ ಎಂದು ಅದರ ಹೊದಿಕೆಯ ಮೇಲೆಯೇ ಬರೆದಿರುತ್ತದೆ. ಸಭಾಗೃಹದಲ್ಲಿ ಸದಸ್ಯರನ್ನು ಸೇರಿಸಿ ತೋರಿಸಬೇಕಾದರೆ ಹಕ್ಕುದಾರರ ಅನುಮತಿ ಪಡೆಯಬೇಕು. ಡಿಸ್ಕ್ ಬ್ಲೂ-ರೇ ಆದರೂ, ಡಿವಿಡಿ ಆದರೂ ಈ ನಿಯಮ ಒಂದೇ.

ಕಪಾಟಿನಲ್ಲಿರುವ ಆಸ್ತಿ

ಸಂಘದ ಹಣ ನಿಜವಾಗಿ ಹೋಗಬೇಕಾದದ್ದು ಬೇರೆ ಕಡೆಗೆ. ಅಂಗಡಿಯಲ್ಲಿ ಸಿಗುವ ಸಿನೆಮಾ ಇಂದಲ್ಲದಿದ್ದರೆ ನಾಳೆ ಎಲ್ಲೋ ಸಿಕ್ಕೀತು. ಸಂಘದ ಕಪಾಟಿನಲ್ಲಿರುವ ಕ್ಯಾಸೆಟ್‌ನ ವಿಷಯ ಹಾಗಲ್ಲ. ಸಂಘದ ಹುಡುಗರು ಆಡಿದ ನಾಟಕ, ಊರಿನಿಂದ ಬಂದ ಮೇಳದ ಆಟ, ಸಾಹಿತಿಯೊಬ್ಬರು ಬಂದು ಮಾಡಿದ ಉಪನ್ಯಾಸ, ಸ್ಥಾಪಕ ಸದಸ್ಯರ ಸನ್ಮಾನ, ಅರಸಿನ-ಕುಂಕುಮದ ದಿನ ಮಹಿಳಾ ವಿಭಾಗದವರು ಹೇಳಿದ ಹಾಡು, ಇವೆಲ್ಲದರ ಪ್ರತಿ ಜಗತ್ತಿನಲ್ಲಿ ಅದೊಂದೇ ಇರುವ ಸಾಧ್ಯತೆ ಹೆಚ್ಚು. ಅದರಲ್ಲಿ ವೇಷ ಹಾಕಿದವರು, ಮಾತಾಡಿದವರು ಹಲವರು ಇಂದು ಇಲ್ಲ.

ಆ ಕ್ಯಾಸೆಟ್‌ಗಳು ದಿನದಿಂದ ದಿನಕ್ಕೆ ಸಾಯುತ್ತಿವೆ. ಕರಾವಳಿಯ ತೇವದ ಹವೆಯಲ್ಲಿ ಟೇಪಿನ ಮೇಲೆ ಬೂಸ್ಟು ಬರುತ್ತದೆ. ಕಾಂತೀಯ ಲೇಪ ಕಾಲಕ್ರಮದಲ್ಲಿ ದುರ್ಬಲವಾಗುತ್ತದೆ. ಟೇಪ್ ಸರಿಯಿದ್ದರೂ ಓಡಿಸಲು ಯಂತ್ರವಿಲ್ಲ. ವಿಎಚ್ಎಸ್ ಯಂತ್ರ ತಯಾರಿಸುತ್ತಿದ್ದ ಕೊನೆಯ ಕಂಪೆನಿ, ಜಪಾನಿನ ಫುನಾಯ್, 2016ರ ಜುಲೈಯಲ್ಲಿ ತಯಾರಿಕೆ ನಿಲ್ಲಿಸಿತು. ಇರುವ ಯಂತ್ರಗಳ ಹೆಡ್ ಸವೆಯುತ್ತಿದೆ, ರಿಪೇರಿ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಮನೆಯ ಕಂಪ್ಯೂಟರ್‌ನಲ್ಲಿ ಬರೆದ ಡಿವಿಡಿಗಳೂ ಶಾಶ್ವತವಲ್ಲ. ಅವುಗಳಲ್ಲಿ ಮಾಹಿತಿ ಉಳಿಯುವುದು ಒಂದು ತೆಳುವಾದ ಬಣ್ಣದ ಪದರದಲ್ಲಿ, ಬಿಸಿಲು-ತೇವಗಳಿಗೆ ಅದು ಕೆಡುತ್ತದೆ.

2005ರ ಜುಲೈ 26ನ್ನು ಮುಂಬಯಿಯವರು ಮರೆಯುವಂತಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನೆಲಮಹಡಿಯ ಮನೆ, ಕಚೇರಿ, ಅಂಗಡಿಗಳಿಗೆ ನೀರು ನುಗ್ಗಿತು. ಕೆಳಗಿನ ಅರೆಯಲ್ಲಿ ಇಟ್ಟದ್ದು ಹೋಯಿತು, ಮೇಲಿನ ಅರೆಯಲ್ಲಿದ್ದದ್ದು ಉಳಿಯಿತು. ಏಕೈಕ ಪ್ರತಿ ಒಂದೇ ಜಾಗದಲ್ಲಿದ್ದರೆ ಅದರ ಗತಿ ಹೀಗೆ ಅದೃಷ್ಟವನ್ನು ಅವಲಂಬಿಸಿರುತ್ತದೆ.

ಇಂಥ ಟೇಪ್‌ಗಳನ್ನು ಬ್ಲೂ-ರೇಗೆ ಮಾಡಿಸಿದರೆ ಸ್ಪಷ್ಟತೆ ಹೆಚ್ಚುತ್ತದೆಯೇ? ಇಲ್ಲ. ವಿಎಚ್ಎಸ್ ಟೇಪಿನಲ್ಲಿ ಅಡ್ಡಲಾಗಿ ದಾಖಲಾಗಿರುವುದೇ ಸುಮಾರು 240 ಗೆರೆಯಷ್ಟು ವಿವರ. ಅದಕ್ಕೆ ಡಿವಿಡಿಯ ಪಾತ್ರೆಯೇ ದೊಡ್ಡದಾಯಿತು. ಹಳೆಯ ಕ್ಯಾಸೆಟನ್ನು ಎಚ್‌ಡಿ ಮಾಡಿಕೊಡುತ್ತೇವೆ, 4ಕೆ ಮಾಡಿಕೊಡುತ್ತೇವೆ ಎಂದು ಹೇಳುವವರು ಚುಕ್ಕೆಗಳ ಸಂಖ್ಯೆಯನ್ನು ಹೆಚ್ಚಿಸುತ್ತಾರೆಯೇ ಹೊರತು ಹೊಸ ವಿವರ ತರುವುದಿಲ್ಲ. ಈಚೆಗೆ ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರ್‌ಗಳು ಮಸುಕಾದ ಮುಖವನ್ನು ಸ್ಪಷ್ಟ ಮಾಡಿ ತೋರಿಸುತ್ತವೆ. ಅದು ಯಂತ್ರ ಊಹಿಸಿ ಬರೆದ ಮುಖ. ತೀರಿಹೋದ ಭಾಗವತರೊಬ್ಬರ ಮುಖದ ಜಾಗದಲ್ಲಿ ಯಂತ್ರದ ಊಹೆಯನ್ನು ಇಟ್ಟು ಮುಂದಿನ ಪೀಳಿಗೆಗೆ ಇದೇ ಅವರು ಎಂದು ತೋರಿಸುವುದು ಸರಿಯಲ್ಲ. ಸಮಾರಂಭದಲ್ಲಿ ತೋರಿಸಲು ಬೇಕಾದರೆ ಅಂಥದೊಂದು ಪ್ರತಿ ಮಾಡಿಕೊಳ್ಳಲಿ. ಮೂಲದ ಯಥಾವತ್ ಪ್ರತಿ ಬೇರೆಯೇ ಇರಬೇಕು.

ಮಾಡಬೇಕಾದ ಕೆಲಸ

ಒಂದು ಸಂಘದಲ್ಲಿ ಮೂರು ತಾಸಿನ ನೂರು ಕ್ಯಾಸೆಟ್‌ಗಳಿವೆ ಎಂದಿಟ್ಟುಕೊಳ್ಳೋಣ. ಒಟ್ಟು 300 ತಾಸು. ಗುಣಮಟ್ಟ ಕೆಡದಂತೆ ಡಿವಿ ಕ್ರಮದಲ್ಲಿ ಕಂಪ್ಯೂಟರ್‌ಗೆ ಇಳಿಸಿದರೆ ತಾಸಿಗೆ ಸುಮಾರು 13 ಗಿಗಾಬೈಟ್, ಒಟ್ಟು 3900 ಗಿಗಾಬೈಟ್ ಆಗುತ್ತದೆ. ಇದನ್ನು 25 ಗಿಗಾಬೈಟ್‌ನ ಬ್ಲೂ-ರೇಗೆ ಬರೆಯಲು 156 ಡಿಸ್ಕ್ ಬೇಕು. ಅಂಗೈಯಗಲದ 4 ಟೆರಾಬೈಟ್ ಹಾರ್ಡ್ ಡಿಸ್ಕ್ ಆದರೆ ಒಂದರಲ್ಲೇ ಹೆಚ್ಚುಕಡಿಮೆ ಎಲ್ಲವೂ ಹಿಡಿಯುತ್ತದೆ. ಇಡೀ ರಾತ್ರಿಯ ಬಯಲಾಟವನ್ನು ವಿಸಿಡಿಯಲ್ಲಿ ಏಳೆಂಟು ತುಂಡು ಮಾಡಿ, ಯುದ್ಧದ ನಡುವೆ ಎದ್ದುಹೋಗಿ ಡಿಸ್ಕ್ ಬದಲಿಸುತ್ತಿದ್ದ ದಿನಗಳನ್ನು ನೆನೆದರೆ ಇದು ದೊಡ್ಡ ಅನುಕೂಲ.

ಹಾರ್ಡ್ ಡಿಸ್ಕ್ ಸಹ ಕೆಡುವ ವಸ್ತುವೇ. ಆದ್ದರಿಂದ ಒಂದನ್ನೇ ನಂಬಬಾರದು. ಒಂದು ಪ್ರತಿ ಸಂಘದ ಕಚೇರಿಯಲ್ಲಿ, ಇನ್ನೊಂದು ಪದಾಧಿಕಾರಿಯೊಬ್ಬರ ಮನೆಯಲ್ಲಿ, ಮತ್ತೊಂದು ಊರಿನಲ್ಲಿ ಇರಲಿ. ವರ್ಷಕ್ಕೊಮ್ಮೆ, ಲೆಕ್ಕಪತ್ರ ತಪಾಸಣೆಯ ಹೊತ್ತಿಗೆ, ಇವನ್ನೂ ತೆರೆದು ಪರೀಕ್ಷಿಸುವ ಪದ್ಧತಿ ಬರಲಿ.

ಕೆಲಸ ಶುರು ಮಾಡುವವರಿಗೆ ಕೆಲವು ಎಚ್ಚರಿಕೆಗಳು ಅಗತ್ಯ. ಬೂಸ್ಟು ಹಿಡಿದ ಟೇಪನ್ನು ಸ್ವಚ್ಛಗೊಳಿಸದೆ ಯಂತ್ರಕ್ಕೆ ತುರುಕಬಾರದು, ಅದು ಹೆಡ್ಡನ್ನೂ ಅನಂತರ ಹಾಕುವ ಟೇಪ್‌ಗಳನ್ನೂ ಕೆಡಿಸುತ್ತದೆ. ಕ್ಯಾಸೆಟ್ ಬೆನ್ನಿನ ಸಣ್ಣ ಪ್ಲಾಸ್ಟಿಕ್ ತುಂಡನ್ನು ಮುರಿದಿಟ್ಟರೆ ಅಕಸ್ಮಾತ್ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಚೌಕಾಕಾರದ ಹಳೆಯ ಚಿತ್ರವನ್ನು ಅಗಲ ಟಿವಿಗೆ ತಕ್ಕಂತೆ ಎಳೆಯಬಾರದು, ಎಳೆದರೆ ಮುಖಗಳೆಲ್ಲ ಉಬ್ಬಿಕೊಳ್ಳುತ್ತವೆ. ವಿಸಿಡಿ, ಡಿವಿಡಿಗಳಲ್ಲಿ ಇರುವ ಫೈಲ್‌ಗಳನ್ನು ಇದ್ದ ಹಾಗೆಯೇ ನಕಲು ಮಾಡಿಕೊಳ್ಳಬೇಕು, ಮತ್ತೆ ಹಿಂಡಬಾರದು. ನಕಲು ಆದ ಮೇಲೂ ಮೂಲ ಕ್ಯಾಸೆಟನ್ನು ಎಸೆಯಬಾರದು.

ಎಲ್ಲಕ್ಕಿಂತ ಅವಸರದ ಕೆಲಸಕ್ಕೆ ದುಡ್ಡೇ ಬೇಡ. ಕ್ಯಾಸೆಟ್‌ನ ಮೇಲೆ 'ವಾರ್ಷಿಕೋತ್ಸವ, ಭಾಗ 2' ಎಂದಷ್ಟೇ ಬರೆದಿರುತ್ತದೆ. ಯಾವ ವರ್ಷ, ಯಾವ ಸಭಾಗೃಹ, ಯಾವ ಪ್ರಸಂಗ, ಮದ್ದಳೆಯಲ್ಲಿ ಯಾರು, ಸ್ತ್ರೀವೇಷ ಯಾರದು ಎಂದು ಹೇಳಬಲ್ಲ ಹಿರಿಯರು ಈಗ ಬೆರಳೆಣಿಕೆಯಷ್ಟು ಮಂದಿ. ಅವರನ್ನು ಭಾನುವಾರದ ಒಂದು ಸಂಜೆ ಕರೆದು ಕೂರಿಸಿ, ಚಹಾ ಕೊಟ್ಟು, ಹಳೆಯ ಚಿತ್ರ ಓಡಿಸಿ, ಹೆಸರುಗಳನ್ನು ಬರೆದುಕೊಂಡರೆ ಸ್ಮರಣ ಸಂಚಿಕೆಗೂ ಅದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗಲಾರದು. ಈ ತಲೆಮಾರು ಕಳೆದರೆ ಚಿತ್ರ ಉಳಿದೀತು, ಅದರಲ್ಲಿರುವವರು ಯಾರೆಂದು ಹೇಳುವವರು ಇರುವುದಿಲ್ಲ.

ದಾನಿಗಳ ಗಮನಕ್ಕೆ

ಇದರಲ್ಲಿ ಒಂದು ಅಡಚಣೆ ಇದೆ. ಹೊಸ ಯಂತ್ರ ಕೊಡಿಸಲು ದಾನಿಗಳು ಮುಂದೆ ಬರುತ್ತಾರೆ, ಏಕೆಂದರೆ ಅದರ ಮೇಲೆ ಹೆಸರಿನ ಪಟ್ಟಿ ಅಂಟಿಸಬಹುದು, ವೇದಿಕೆಯಲ್ಲಿ ಹಸ್ತಾಂತರಿಸಬಹುದು. ಹಳೆಯ ಕ್ಯಾಸೆಟ್ ನಕಲು ಮಾಡಿಸಲು ಕೊಟ್ಟ ಹಣ ಯಾರ ಕಣ್ಣಿಗೂ ಬೀಳುವುದಿಲ್ಲ. ಸಂಘಗಳು ಬೇಕಾದರೆ ಉಳಿಸಿದ ಪ್ರತಿ ಕಾರ್ಯಕ್ರಮದ ಆರಂಭದಲ್ಲಿ ದಾನಿಯ ಹೆಸರು ಸೇರಿಸಲಿ. ಯಂತ್ರ ಐದಾರು ವರ್ಷಕ್ಕೆ ಮೂಲೆ ಸೇರುತ್ತದೆ. ಉಳಿಸಿದ ಕಾರ್ಯಕ್ರಮದ ಜತೆಗಿನ ಹೆಸರು ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಹೊಸ ಕಾರ್ಯಕ್ರಮಗಳನ್ನು ಹೈ ಡೆಫಿನಿಷನ್‌ನಲ್ಲೇ ಚಿತ್ರೀಕರಿಸುವುದಕ್ಕೆ ಯಾರ ಆಕ್ಷೇಪವೂ ಇರಲಾರದು. ಇಂದಿನ ಸಾಧಾರಣ ಮೊಬೈಲ್‌ನಲ್ಲೂ ಆ ಸ್ಪಷ್ಟತೆ ಇದೆ. ಚಿತ್ರೀಕರಿಸಿದ್ದು ಯಾರೋ ಒಬ್ಬರ ಮೊಬೈಲ್‌ನಲ್ಲೇ ಉಳಿಯದೆ ಸಂಘದ ಸಂಗ್ರಹಕ್ಕೆ ಬರುವಂತೆ ನೋಡಿಕೊಳ್ಳಬೇಕು, ಅಷ್ಟೇ. ಹೈ ಡೆಫಿನಿಷನ್‌ನಿಂದ ಸಂಘಗಳಿಗೆ ಆಗುವ ನಿಜವಾದ ಲಾಭ ಕ್ಯಾಮರಾದಲ್ಲಿದೆ, ಡಿಸ್ಕಿನಲ್ಲಿ ಅಲ್ಲ.

ಮನೆಯಲ್ಲಿ ಬ್ಲೂ-ರೇ ಕೊಳ್ಳುವುದು ಬಿಡುವುದು ಅವರವರ ಟಿವಿ, ಅವರವರ ಹವ್ಯಾಸಕ್ಕೆ ಬಿಟ್ಟ ವಿಚಾರ, ಒಂದೆರಡು ವರ್ಷ ತಡವಾದರೂ ನಷ್ಟವಿಲ್ಲ. ಕಪಾಟಿನ ಕ್ಯಾಸೆಟ್‌ಗಳಿಗೆ ಅಷ್ಟು ಪುರುಸೊತ್ತಿಲ್ಲ. ಬರುವ ಮಹಾಸಭೆಯ ಮುನ್ನ ಸಂಘಗಳ ಪದಾಧಿಕಾರಿಗಳು ಒಮ್ಮೆ ಆ ಕಪಾಟಿನ ಬಾಗಿಲು ತೆರೆದು, ಏನೇನಿದೆ ಎಂದು ಪಟ್ಟಿ ಮಾಡಿ, ಇನ್ನೊಂದು ಮಳೆಗಾಲ ಕಳೆಯುವ ಮೊದಲು ಈ ಕೆಲಸಕ್ಕೆ ಕೈ ಹಾಕಬೇಕಾಗಿದೆ.